ಒಂದೇ ಕುದುರೆ, ನಾಲ್ಕು ಸವಾರರು

ಕಡಿದಾದ ಏರು. ಕಾಲಿಗೆ ಸಿಕ್ಕುವ ಕುರುಚಲು ಗಿಡ, ಒರಟು ನೆಲ. ಆ ಏರನ್ನು ನಾಗಾಲೋಟದಲ್ಲಿ ಹತ್ತುತ್ತಿರುವ ಒಂದು ಕುದುರೆ. ಅದರ ಬೆನ್ನ ಮೇಲೆ, ಎದುರಿಗಿರುವುದನ್ನು ಬಿಟ್ಟು ಬೇರೇನನ್ನೂ ನೋಡದ ಒಬ್ಬ ಸವಾರ. ಅವನ ಹಿಂದೆ, ತುಸು ದೂರದಲ್ಲಿ, ಬೇರೆ ಸವಾರರು. ಇಷ್ಟೇ ಚಿತ್ರ. ಜಾರ್ಜ್ ಡಬ್ಲ್ಯು. ಬುಷ್ 1995ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಗವರ್ನರ್ ಆದಾಗ ಸ್ನೇಹಿತರು ಈ ತೈಲಚಿತ್ರವನ್ನು ಎರವಲಾಗಿ ತಂದುಕೊಟ್ಟರು. ಚಿತ್ರದ ಹೆಸರು 'ಎ ಚಾರ್ಜ್ ಟು ಕೀಪ್'. 18ನೇ ಶತಮಾನದಲ್ಲಿ ಚಾರ್ಲ್ಸ್ ವೆಸ್ಲಿ ಬರೆದ, ಮೆಥಡಿಸ್ಟ್ ಕ್ರೈಸ್ತರು ಇಂದಿಗೂ ಹಾಡುವ ಪ್ರಾರ್ಥನಾಗೀತೆಯೊಂದು ಶುರುವಾಗುವುದೂ ಅದೇ ಮಾತುಗಳಿಂದ. ದೇವರು ವಹಿಸಿದ ಕೆಲಸವನ್ನು ನೆರವೇರಿಸಬೇಕು ಎನ್ನುವುದು ಆ ಹಾಡಿನ ಭಾವ. ಬುಷ್ ಆ ಸವಾರನಲ್ಲಿ ತಮ್ಮನ್ನೇ ಕಂಡರು. ಕಚೇರಿಗೆ ಬಂದು ಈ ಚಿತ್ರ ನೋಡಿ, ಇದು ನಾವೇ ಎಂದು ಸಿಬ್ಬಂದಿಗೆ ಟಿಪ್ಪಣಿ ಬರೆದರು. 1999ರಲ್ಲಿ ತಮ್ಮ ಆತ್ಮಕಥೆಗೆ ಅದೇ ಹೆಸರಿಟ್ಟರು. ಅಧ್ಯಕ್ಷರಾದ ಮೇಲೆ ಚಿತ್ರವನ್ನು ಶ್ವೇತಭವನದ ಓವಲ್ ಆಫೀಸಿಗೇ ಒಯ್ದರು. ಕುದುರೆಯೇರಿ ಊರೂರಿಗೆ ದೇವರ ಮಾತು ಒಯ್ಯುತ್ತಿದ್ದ ಹಳೆಯ ಕಾಲದ ಮೆಥಡಿಸ್ಟ್ ಬೋಧಕನೇ ಈ ಸವಾರ ಎಂಬ ಮಾತೂ ಹುಟ್ಟಿಕೊಂಡಿತು. ಜಗತ್ತಿನ ಅತ್ಯಂತ ಪ್ರಬಲ ಕುರ್ಚಿಯ ಹತ್ತಿರ, ಇಡೀ ಎಂಟು ವರ್ಷ, ಆ ಕುದುರೆ ಓಡುತ್ತಲೇ ಇತ್ತು.

ಈಗ ಈ ಚಿತ್ರದ ಜೊತೆ ಹಿಂದಕ್ಕೆ ನಡೆಯೋಣ ಬನ್ನಿ. ಹೆಜ್ಜೆ ಹೆಜ್ಜೆಗೂ ನೆಲ ಅದುರುತ್ತದೆ!

ಮೊದಲು 1918. 'ದಿ ಕಂಟ್ರಿ ಜೆಂಟಲ್‌ಮನ್' ಎಂಬ ಪತ್ರಿಕೆ. ಬೆನ್ ಏಮ್ಸ್ ವಿಲಿಯಮ್ಸ್ ಬರೆದ ಕಥೆ, ಹೆಸರು 'ಎ ಚಾರ್ಜ್ ಟು ಕೀಪ್'. ತಂದೆ ಬಿಟ್ಟುಹೋದ ಕಾಡನ್ನು ಮರದ ವ್ಯಾಪಾರಿಗಳ ಕೈಗೆ ಸಿಗದಂತೆ ಉಳಿಸಿಕೊಳ್ಳುವ ಮಗನ ಕಥೆ ಅದು. ಆ ಪುಟದಲ್ಲಿ ಇದೇ ಕುದುರೆ, ಇದೇ ಏರು, ಇದೇ ಸವಾರ. ಚಿತ್ರಕ್ಕೆ ಆ ಹೆಸರು ಅಂಟಿಕೊಂಡದ್ದು ಅಲ್ಲಿ. ಅಂದರೆ ಹೆಸರು ಚಿತ್ರಕಾರ ಇಟ್ಟದ್ದಲ್ಲ, ಕಥೆಯಿಂದ ಬಂದದ್ದು.

ಇನ್ನೊಂದು ಹೆಜ್ಜೆ, 1917. ಬೇರೊಂದು ಕಥೆಯ ಪುಟದಲ್ಲಿ ಅದೇ ಚಿತ್ರ ಮತ್ತೆ ಅಚ್ಚಾಗಿದೆ. ಈ ಸಲ ಕುದುರೆಯ ಮೇಲಿರುವವರು ಊರಿಂದೂರಿಗೆ ಹೋಗಿ ಸಿಕ್ಕಿದ್ದನ್ನು ದೋಚುವ ಡಕಾಯಿತರು.

ಕೊನೆಯ ಹೆಜ್ಜೆ, 1916ರ ಜೂನ್. 'ದಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್'. ಚಿತ್ರ ಹುಟ್ಟಿದ್ದು ಇಲ್ಲಿ, ಈ ಪುಟಕ್ಕಾಗಿ. ವಿಲಿಯಂ ನೀಡಿಗ್ ಬರೆದ 'ದಿ ಸ್ಲಿಪರ್ ಟಂಗ್' ಎಂಬ ಕಥೆ. ನಾಯಕ ಬಣ್ಣದ ಮಾತಿನಲ್ಲಿ ಎಂಥವರನ್ನೂ ಮರುಳು ಮಾಡುವ ಕುದುರೆಕಳ್ಳ. ಸಿಕ್ಕಿಬಿದ್ದು, ನೇಣು ಹಾಕಲು ಬಂದ ಗುಂಪಿನ ಕೈಯಿಂದ ತಪ್ಪಿಸಿಕೊಂಡು, ನೆಬ್ರಾಸ್ಕಾದ ಮರಳುಗುಡ್ಡಗಳಲ್ಲಿ ಜೀವ ಕೈಯಲ್ಲಿ ಹಿಡಿದು ಓಡುತ್ತಾನೆ. ಇನ್ನೊಂದು ಹದಿನೈದು ನಿಮಿಷ ಮುಂಚೆ ಹೊರಟಿದ್ದರೆ ಸಿಗುತ್ತಿರಲಿಲ್ಲ ಎಂಬ ಅರ್ಥದ ಸಾಲು ಚಿತ್ರದ ಕೆಳಗಿತ್ತು.

ಕುದುರೆಕಳ್ಳ, ಡಕಾಯಿತ, ಕಾಡು ಕಾಯುವ ಮಗ, ದೇವರ ಕೆಲಸಕ್ಕೆ ಹೊರಟ ನಾಯಕ. ಒಂದೇ ಕ್ಯಾನ್ವಾಸು! ಪತ್ರಕರ್ತ ಜೇಕಬ್ ವೈಸ್‌ಬರ್ಗ್ ಬುಷ್ ಕುರಿತು 2008ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಸರಣಿಯನ್ನು ಬಿಡಿಸಿಟ್ಟರು. ಅದನ್ನು ಓದಿದವರಲ್ಲಿ ಹೆಚ್ಚಿನವರು ರಾಜಕೀಯದ ಕಡೆಗೆ ತಿರುಗಿದರು. ನನ್ನ ಕಣ್ಣು ಮಾತ್ರ ಚಿತ್ರದ ಕಡೆಗೇ ತಿರುಗಿತು. ಯಾಕೆಂದರೆ ಈ ಪ್ರಕರಣದಲ್ಲಿ ಯಾರೂ ಚಿತ್ರವನ್ನು ಕೆಟ್ಟದಾಗಿ ನೋಡಿಲ್ಲ. ಬುಷ್ ಕಂಡದ್ದು ಚಿತ್ರದಲ್ಲಿ ನಿಜಕ್ಕೂ ಇದೆ. ಆ ಹಿಂದಿನ ಸವಾರರನ್ನೇ ನೋಡಿ. 1916ರ ಓದುಗನಿಗೆ ಅವರು ಬೆನ್ನಟ್ಟಿ ಬರುತ್ತಿರುವವರು. 1995ರ ಗವರ್ನರ್‌ಗೆ ಅವರು ನಂಬಿ ಹಿಂಬಾಲಿಸುತ್ತಿರುವವರು. ಕುಂಚದ ಒಂದು ಗೆರೆಯೂ ಬದಲಾಗಿಲ್ಲ. ಮುಂದಿನ ಸವಾರನ ಮುಖದಲ್ಲಿರುವುದು ಪ್ರಾಣಭಯವೋ ದೃಢಸಂಕಲ್ಪವೋ? ಎರಡಕ್ಕೂ ಮುಖದ ಸ್ನಾಯುಗಳು ಒಂದೇ ಥರ ಬಿಗಿಯುತ್ತವೆ ಎಂಬ ಗುಟ್ಟು ಈ ಚಿತ್ರಕಾರರಿಗೆ ಗೊತ್ತಿತ್ತು. ಅವರು ಓಟವನ್ನು ಬರೆದರು. ಎಲ್ಲಿಂದ, ಎಲ್ಲಿಗೆ ಎನ್ನುವುದನ್ನು ಪಕ್ಕದಲ್ಲಿ ಅಚ್ಚಾಗುವ ಕಥೆಗೆ ಬಿಟ್ಟರು. ಕಥೆ ಬದಲಾದಾಗ ಚಿತ್ರ ಅದನ್ನೂ ಹೊತ್ತು ಅಷ್ಟೇ ವೇಗದಲ್ಲಿ ಓಡಿತು.

ಯಾರು ಇವರು?

ವಿಲಿಯಂ ಹೆನ್ರಿ ಡೆಟ್ಲೆಫ್ ಕೋರ್ನರ್. ಕಾವ್‌ಬಾಯ್‌ಗಳ ಟೆಕ್ಸಾಸಿನವರಲ್ಲ, ನೆಬ್ರಾಸ್ಕಾದವರೂ ಅಲ್ಲ. ಹುಟ್ಟಿದ್ದು 1878ರಲ್ಲಿ, ಜರ್ಮನಿಯ ಉತ್ತರದ ಅಂಚಿನಲ್ಲಿರುವ ಶ್ಲೆಸ್ವಿಗ್-ಹೋಲ್‌ಸ್ಟೈನ್ ಸೀಮೆಯ ಲುಂಡೆನ್ ಎಂಬ ಸಣ್ಣ ಊರಿನಲ್ಲಿ. ಮಗು ಇನ್ನೂ ಎಳೆಯದಿದ್ದಾಗಲೇ ಕುಟುಂಬ ಸಮುದ್ರ ದಾಟಿ ಅಯೋವಾ ರಾಜ್ಯದ ಕ್ಲಿಂಟನ್ ಊರಿಗೆ ಬಂತು, ಮಿಸಿಸಿಪ್ಪಿ ನದಿಯ ದಡಕ್ಕೆ. ಹುಡುಗನ ಕೈ ಚಿತ್ರ ಬರೆಯುವ ಕೈ. ಹದಿಹರೆಯ ದಾಟುವ ಹೊತ್ತಿಗೆ 'ಶಿಕಾಗೊ ಟ್ರಿಬ್ಯೂನ್' ಪತ್ರಿಕೆಯ ಚಿತ್ರಕಾರನ ಕೆಲಸ. ಪತ್ರಿಕೆಗಳಲ್ಲಿ ಫೋಟೋ ಇನ್ನೂ ಮಾಮೂಲಾಗದ ಕಾಲ ಅದು. ಬೆಂಕಿ ಬಿದ್ದ ಕಡೆಗೆ, ಕೋರ್ಟಿಗೆ, ಮೆರವಣಿಗೆಗೆ ವರದಿಗಾರನ ಜೊತೆ ಚಿತ್ರಕಾರನೂ ಓಡಬೇಕು, ನೋಡಿದ್ದನ್ನು ನೆನಪಿನಲ್ಲಿ ಹಿಡಿದು ತಂದು ಅಚ್ಚಿಗೆ ಹೋಗುವ ಮುಂಚೆ ಗೀಚಿ ಮುಗಿಸಬೇಕು. ಓಡುತ್ತಿರುವುದನ್ನು ಓಡುತ್ತಿರುವ ಹಾಗೆಯೇ ಹಿಡಿಯುವ ವಿದ್ಯೆ ಆ ಗಡಿಬಿಡಿಯಲ್ಲಿ ಬೆರಳಿಗೆ ಬಂದದ್ದು ಎಂದು ನನ್ನ ನಂಬಿಕೆ.

ಆಮೇಲೆ ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್. 1907ರಲ್ಲಿ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್. ಅಲ್ಲಿ ಹೊವಾರ್ಡ್ ಪೈಲ್ ಇದ್ದರು!

ಪೈಲ್ ಹೆಸರು ಬಂದಾಗ ಒಂದು ಕ್ಷಣ ನಿಲ್ಲಲೇಬೇಕು. ಕಡಲ್ಗಳ್ಳರು ಎಂದೊಡನೆ ಇವತ್ತು ಸಿನಿಮಾ ನೋಡುವವರ ಕಣ್ಣಿಗೆ ಬರುವ ತಲೆವಸ್ತ್ರ, ಸೊಂಟದ ಪಟ್ಟಿಯ ವೇಷದ ದೊಡ್ಡ ಪಾಲು ಇವರ ಕುಂಚದಿಂದ ಬಂದದ್ದು. ಇವರು ಆರಿಸಿಕೊಂಡ ಶಿಷ್ಯರಿಂದ ಪಾಠಕ್ಕೆ ಶುಲ್ಕ ಪಡೆಯುತ್ತಿರಲಿಲ್ಲ. ಎನ್.ಸಿ. ವೈಯತ್, ಹಾರ್ವೆ ಡನ್, ಫ್ರಾಂಕ್ ಸ್ಕೂನೋವರ್ ಇವರ ಗರಡಿಯ ಪೈಲ್ವಾನರು. ಶಿಷ್ಯರು ಇದ್ದಿಲಿನಲ್ಲಿ ಬರೆದು ತಂದ ಚಿತ್ರಗಳನ್ನು ಸಾಲಾಗಿ ಇಟ್ಟುಕೊಂಡು ಪೈಲ್ ಒಂದೊಂದನ್ನೇ ನೋಡುತ್ತ ಮಾತಾಡುತ್ತಿದ್ದರು. ಕೈಕಾಲು ಸರಿಯಾಗಿ ಬಂದಿದೆಯೇ ಎನ್ನುವುದಕ್ಕಿಂತ ಅವರಿಗೆ ಮುಖ್ಯವಾಗಿದ್ದದ್ದು, ಬರೆದವನು ಆ ಚಿತ್ರದ ಒಳಗೆ ಹೋಗಿ ಬದುಕಿದ್ದಾನೆಯೇ ಎನ್ನುವುದು. ಚಳಿಯನ್ನು ಬರೆಯುವವನಿಗೆ ಚಳಿಯಾಗಬೇಕು. ಓಡುವವನನ್ನು ಬರೆಯುವವನಿಗೆ ಏದುಸಿರು ಬರಬೇಕು. ಇನ್ನೊಂದು ಪಾಠವೂ ಇತ್ತು. ಕಥೆಯಲ್ಲಿ ಏಟು ಬೀಳುವ ಕ್ಷಣವನ್ನು ಬರೆಯಬೇಡ, ಅದರ ಹಿಂದಿನ ಕ್ಷಣವನ್ನೋ ಮುಂದಿನ ಕ್ಷಣವನ್ನೋ ಬರೆ, ಏಟನ್ನು ಓದುಗನೇ ಕಲ್ಪಿಸಿಕೊಳ್ಳಲಿ. ಕೋರ್ನರ್ ಈ ಪಾಠವನ್ನು ಜೀವನವಿಡೀ ಮರೆಯಲಿಲ್ಲ. ಕುದುರೆಕಳ್ಳ ಸಿಕ್ಕಿಬಿದ್ದದ್ದು ಚಿತ್ರದಲ್ಲಿಲ್ಲ. ಅವನು ಇನ್ನೂ ಓಡುತ್ತಿದ್ದಾನೆ, ಇನ್ನೂ ಗೆಲ್ಲಬಹುದು. ನೂರು ವರ್ಷ ಕಳೆದರೂ ಗೆಲ್ಲಬಹುದು!

ಈ ಚಿತ್ರಗಳು ಹೋಗಿ ಸೇರುತ್ತಿದ್ದ ಮನೆಗಳನ್ನು ನೆನೆದರೆ ತಲೆ ತಿರುಗುತ್ತದೆ. ಫಿಲಡೆಲ್ಫಿಯಾದ ಕರ್ಟಿಸ್ ಪ್ರಕಾಶನ ಸಂಸ್ಥೆಯ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ವಾರಕ್ಕೊಮ್ಮೆ ಬರುತ್ತಿತ್ತು, ಬೆಲೆ ಬರೀ 5 ಸೆಂಟ್. 1899ರಿಂದ 1936ರವರೆಗೆ ಅದರ ಸಂಪಾದಕರು ಜಾರ್ಜ್ ಹೊರೇಸ್ ಲೋರಿಮರ್. ಅವರ ಕಾಲದಲ್ಲಿ ಪ್ರಸಾರ ಹತ್ತು ಲಕ್ಷ ಮುಟ್ಟಿ, 1920ರ ದಶಕದ ಹೊತ್ತಿಗೆ ಇಪ್ಪತ್ತು ಲಕ್ಷವನ್ನೂ ದಾಟಿ ಹೋಯಿತು. ದೂರದರ್ಶನ ಇಲ್ಲ, ರೇಡಿಯೊ ಇನ್ನೂ ಕಣ್ಣು ಬಿಡುತ್ತಿದೆ. ಮನರಂಜನೆ ಎಂದರೆ ಅಂಚೆಯಲ್ಲಿ ಬರುವ ಈ ಪತ್ರಿಕೆ, ಅದರೊಳಗಿನ ಧಾರಾವಾಹಿ. ಕಂತು ಒಂದು ರೋಚಕ ತಿರುವಿನಲ್ಲಿ ನಿಂತರೆ ದೇಶದ ಲಕ್ಷಾಂತರ ಅಡುಗೆಮನೆಗಳಲ್ಲಿ, ರೈಲು ಡಬ್ಬಿಗಳಲ್ಲಿ, ಕ್ಷೌರದಂಗಡಿಗಳಲ್ಲಿ ಮುಂದೇನು ಎಂಬ ಪ್ರಶ್ನೆ ಒಂದು ವಾರ ತೂಗಾಡುತ್ತಿತ್ತು. 'ಸುಧಾ'ವನ್ನೋ 'ತರಂಗ'ವನ್ನೋ ಕಾದು, ಮನೆಮಂದಿಯ ಕೈಯಿಂದ ಕಿತ್ತುಕೊಂಡು ಧಾರಾವಾಹಿ ಓದಿದವರಿಗೆ ಆ ಕಾತರವನ್ನು ನಾನು ವಿವರಿಸಬೇಕಾಗಿಲ್ಲ. ನಾಯಕಿಯ ಮುಖ ನಮಗೆ ಗೊತ್ತಾಗುತ್ತಿದ್ದದ್ದೂ ಪುಟದ ಮೇಲ್ಭಾಗದ ಆ ಚಿತ್ರದಿಂದಲೇ ಅಲ್ಲವೇ?

ಕೆಲಸ ನಡೆಯುತ್ತಿದ್ದ ರೀತಿಯೂ ಸೊಗಸು. ಕಥೆಯ ಟೈಪು ಮಾಡಿದ ಪ್ರತಿ ಚಿತ್ರಕಾರರ ಕೈಗೆ ಬರುತ್ತದೆ. ಅವರು ಅದನ್ನು ಓದಿ, ಯಾವ ಗಳಿಗೆಯನ್ನು ಹಿಡಿಯಬೇಕು ಎಂದು ಆಯ್ದು, ದೊಡ್ಡ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಪೂರ್ತಿ ಚಿತ್ರ ಬರೆಯುತ್ತಾರೆ. ಗೋಡೆಗೆ ಹಾಕುವಂಥ, ಎರಡು-ಮೂರು ಅಡಿಯ ಚಿತ್ರ! ಅದನ್ನು ಪತ್ರಿಕೆಗೆ ಕಳಿಸುತ್ತಾರೆ. ಅಲ್ಲಿ ಸಣ್ಣ ಚೌಕುಳಿಗಳ ಪರದೆಯ ಮೂಲಕ ಫೋಟೋ ತೆಗೆದು, ಹಾಫ್‌ಟೋನ್ ಬ್ಲಾಕ್ ಮಾಡಿ, ಕಪ್ಪು ಮಸಿಯಲ್ಲಿ ಒತ್ತುತ್ತಾರೆ. ಕುಂಚದ ದಪ್ಪ ಎಳೆಗಳು, ಮೋಡದ ಹಿಂದಿನ ಬೆಳಕು, ಕುದುರೆಯ ಮೈಯ ಕಂದು, ಎಲ್ಲವೂ ಚುಕ್ಕಿಗಳಾಗಿ ಒಡೆಯುತ್ತವೆ. ದೊಡ್ಡ ಚುಕ್ಕಿ ಕತ್ತಲು, ಸಣ್ಣ ಚುಕ್ಕಿ ಬೆಳಕು. ಆ ಚುಕ್ಕಿಗಳಲ್ಲಿ ಹಾದು ಬಂದ ಮೇಲೂ ಕುದುರೆ ಓಡುತ್ತಿದ್ದರೆ ಮಾತ್ರ ಚಿತ್ರಕಾರ ಗೆದ್ದ ಹಾಗೆ. 1916ರ ಆ ಚಿತ್ರ ಓದುಗರಿಗೆ ಸಿಕ್ಕಿದ್ದು ಹೀಗೆ, ಬರೀ ಕಪ್ಪು-ಬಿಳುಪಿನಲ್ಲಿ. ಬ್ಲಾಕು ಪ್ರಕಾಶಕರ ಬಳಿ ಉಳಿಯುತ್ತಿತ್ತು. 'ಕಂಟ್ರಿ ಜೆಂಟಲ್‌ಮನ್' ಕೂಡ ಕರ್ಟಿಸ್ ಸಂಸ್ಥೆಯದ್ದೇ. ಹಾಗಾಗಿ ಕುದುರೆಕಳ್ಳ ಅಷ್ಟು ಸಲೀಸಾಗಿ ಒಂದು ಪತ್ರಿಕೆಯಿಂದ ಇನ್ನೊಂದಕ್ಕೆ ದಾಟಿ, ಕಾಡಿನ ಒಡೆಯನಾಗಿಬಿಟ್ಟ.

1919ರಲ್ಲಿ ಪಶ್ಚಿಮದ ಹಳೆಯ ದಾರಿಗಳ ಬಗ್ಗೆ ಎಮರ್ಸನ್ ಹಫ್ ಬರೆದ ಲೇಖನಗಳಿಗೆ ಚಿತ್ರ ಬರೆಯಿರಿ ಎಂದು 'ಪೋಸ್ಟ್' ಕೋರ್ನರ್‌ಗೆ ಹೇಳಿತು. ಈ ಹಫ್ ಕೂಡ ಬೆರಗಿನ ಮನುಷ್ಯ. ಅಯೋವಾದಲ್ಲೇ ಹುಟ್ಟಿ, ವಕೀಲಿ ಓದಿ, ನ್ಯೂ ಮೆಕ್ಸಿಕೊದ ಗಣಿ ಊರಿನಲ್ಲಿ ಬದುಕಿ ಬಂದವರು. 1894ರ ಚಳಿಗಾಲದಲ್ಲಿ, ಹಿಮ ಮುಚ್ಚಿದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೆ ಸ್ಕೀ ಕಟ್ಟಿಕೊಂಡು ಹೋಗಿ, ಅಲ್ಲಿ ಕಾಡೆಮ್ಮೆಗಳು ಎಷ್ಟು ಕಡಿಮೆ ಉಳಿದಿವೆ ಎಂದು ದೇಶಕ್ಕೆ ಹೇಳಿದರು. ಕಾಡೆಮ್ಮೆ ಕೊಂದವರನ್ನು ಶಿಕ್ಷಿಸುವ ಕಾನೂನು ಅದೇ ವರ್ಷ ಬಂತು. ಅಂಥ ಹಫ್ ಬರೆದ 'ದಿ ಕವರ್ಡ್ ವ್ಯಾಗನ್' ಧಾರಾವಾಹಿ 1922ರ ಏಪ್ರಿಲಿನಲ್ಲಿ 'ಪೋಸ್ಟ್'ನಲ್ಲಿ ಶುರುವಾಯಿತು. 1848ರಲ್ಲಿ ಮಿಸೌರಿಯಿಂದ ಹೊರಟು, ಬಯಲು ದಾಟಿ, ಬೆಟ್ಟ ದಾಟಿ, ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ ಸವೆಸಿ ಆರೆಗನ್ ಕಡೆಗೆ ಹೋಗುವ ಗಾಡಿಸಾಲಿನ ಕಥೆ. ಚಿತ್ರಕಾರರು ಕೋರ್ನರ್.

ಈ ಧಾರಾವಾಹಿಗಾಗಿ ಅವರು ಬರೆದ ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು. ಹೆಸರು 'ಮಡೋನಾ ಆಫ್ ದ ಪ್ರೇರಿ', ಅಂದರೆ ಬಯಲಿನ ಮಾತೆ ಮರಿಯ.

ಕಮಾನುಗಾಡಿಯ ಮುಂಭಾಗ. ಗಾಡಿ ಹೊಡೆಯುವ ಜಾಗದಲ್ಲಿ ಒಬ್ಬ ತರುಣಿ ಕೂತಿದ್ದಾಳೆ, ನಮ್ಮ ಕಡೆಗೇ ಮುಖ. ಕೈಯಲ್ಲಿ ಲಗಾಮು. ಕಥೆಯ ನಾಯಕಿ ಮೋಲಿ ವಿಂಗೇಟ್ ಇವಳು. ಮುಖದಲ್ಲಿ ನಗುವಿಲ್ಲ, ಅಳುವಿಲ್ಲ, ದೂರವನ್ನು ಅಳೆಯುತ್ತಿರುವ ಕಣ್ಣು. ಬಯಲು ಎಷ್ಟು ದೊಡ್ಡದು ಎಂದು ಕೋರ್ನರ್ ಬಯಲನ್ನು ಬರೆದು ತೋರಿಸಿಲ್ಲ, ಅವಳ ಕಣ್ಣಿನಲ್ಲಿ ತೋರಿಸಿದ್ದಾರೆ. ಆಮೇಲೆ ನಿಮ್ಮ ದೃಷ್ಟಿ ನಿಧಾನ ಮೇಲೆ ಹೋಗುತ್ತದೆ. ಬಾಗಿಸಿದ ಮರದ ಕಮಾನಿನ ಮೇಲೆ ಹೊದಿಸಿದ ಬಟ್ಟೆ, ಅದರ ದುಂಡನೆಯ ಬಾಯಿ, ಸರಿಯಾಗಿ ಅವಳ ತಲೆಯ ಹಿಂದೆ. ಅಯ್ಯೋ, ಅದು ಪ್ರಭಾವಳಿ! ಇಟಲಿಯ ಹಳೆಯ ಚರ್ಚುಗಳಲ್ಲಿ ಮಾತೆ ಮರಿಯಳ ತಲೆಯ ಸುತ್ತ ಚಿನ್ನದ ರೇಕು ಹಚ್ಚಿ ಬರೆದ ಆ ವೃತ್ತವನ್ನು ಈ ಮನುಷ್ಯ ಒರಟು ಬಟ್ಟೆಯಲ್ಲಿ ಕಟ್ಟಿದ್ದಾರೆ. ಹೊರಗಿನಿಂದ ಏನನ್ನೂ ತಂದು ಅಂಟಿಸಿಲ್ಲ. ಗಾಡಿ ಇರುವುದೇ ಹಾಗೆ, ಹೊಡೆಯುವವಳು ಕೂರುವುದೇ ಅಲ್ಲಿ. ಇದ್ದ ವಸ್ತುವನ್ನೇ ಇದ್ದ ಜಾಗದಲ್ಲೇ ಇಟ್ಟು, ನೋಡುವ ಕೋನವನ್ನು ಮಾತ್ರ ಹುಡುಕಿದ್ದಾರೆ. ಬೇಕಿದ್ದರೆ ಅದು ಬರೀ ಗಾಡಿಯ ಬಾಯಿ. ಬೇಕಿದ್ದರೆ ದೇವತೆಯ ಪ್ರಭೆ. ಕುದುರೆಕಳ್ಳನ ಹಿಂದಿನ ಸವಾರರಲ್ಲಿ ಕಂಡ ಅದೇ ಕೈಚಳಕ ಆರು ವರ್ಷಗಳ ನಂತರ ಎಷ್ಟು ಪಳಗಿದೆ ನೋಡಿ. ನೋಡುವವರಿಗೆ ಅರ್ಥವನ್ನು ಹೇರುವುದಿಲ್ಲ, ಅರ್ಥ ಬಂದು ಕೂರಲು ಜಾಗ ಮಾಡಿಡುತ್ತಾರೆ.

ಧಾರಾವಾಹಿ ಮುಗಿಯುತ್ತಿದ್ದಂತೆ ಸಿನಿಮಾ. ಜೇಮ್ಸ್ ಕ್ರೂಝ್ ನಿರ್ದೇಶನದ ಪ್ಯಾರಮೌಂಟ್ ಚಿತ್ರ 1923ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ತೆರೆ ಕಂಡಿತು, ಆ ವರ್ಷದ ಭಾರಿ ಯಶಸ್ಸುಗಳಲ್ಲಿ ಒಂದಾಯಿತು. ಮೋಲಿಯಾಗಿ ಲೋಯಿಸ್ ವಿಲ್ಸನ್. ವೆಸ್ಟರ್ನ್ ಸಿನಿಮಾ ಎಂದರೆ ಬರೀ ಸಣ್ಣಪುಟ್ಟ ಬಂದೂಕಿನ ಕಥೆಯಲ್ಲ, ಮಹಾಕಾವ್ಯದ ಹರವೂ ಅದಕ್ಕೆ ಸಲ್ಲುತ್ತದೆ ಎಂದು ತೋರಿಸಿದ ಚಿತ್ರ ಅದು. ಹಫ್ ಆ ಗೆಲುವನ್ನು ಕಂಡು ಕೆಲವೇ ವಾರಗಳಲ್ಲಿ, ಏಪ್ರಿಲ್ ಕೊನೆಯಲ್ಲಿ ತೀರಿಕೊಂಡರು. ಟೆಕ್ಸಾಸಿನಿಂದ ಉತ್ತರಕ್ಕೆ ದನದ ಹಿಂಡು ಹೊಡೆದುಕೊಂಡು ಹೋಗುವ ಅವರ 'ನಾರ್ತ್ ಆಫ್ 36' ಕಥೆಗೂ 'ಪೋಸ್ಟ್'ನಲ್ಲಿ ಚಿತ್ರ ಬರೆದವರು ಕೋರ್ನರ್. ಅಲ್ಲಿಂದ ಮುಂದೆ ಪಶ್ಚಿಮದ ಕಥೆ ಎಂದರೆ ಸಂಪಾದಕರಿಗೆ ಮೊದಲು ನೆನಪಾಗುವ ಹೆಸರುಗಳಲ್ಲಿ ಅವರದೂ ಒಂದಾಯಿತು. ನೂರಾರು ಚಿತ್ರಗಳು ಬಂದವು.

ನನ್ನ ಎದೆ ಹೆಚ್ಚು ಬಡಿದುಕೊಂಡದ್ದು ಮಾತ್ರ ಒಂದು ಇಸವಿಯ ಮುಂದೆ. ಕೋರ್ನರ್ ಹೆಂಡತಿ ಮಕ್ಕಳೊಂದಿಗೆ ಬೇಸಿಗೆ ಕಳೆಯಲು ಪಶ್ಚಿಮದ ಮೊಂಟಾನಾಕ್ಕೆ ಹೋದದ್ದು 1924ರಲ್ಲಿ. 1924! ಕುದುರೆಕಳ್ಳ 1916ರವನು. ಮೋಲಿ 1922ರವಳು. ಮೊಂಟಾನಾದ ಮರದ ಮನೆಯಲ್ಲಿ ಕೂತು ಬೆಟ್ಟ, ಬೆಳಕು, ಕುದುರೆಗಳನ್ನು ಎದುರಿಗಿಟ್ಟುಕೊಂಡು ಬರೆಯುವ ಮೊದಲೇ ಆ ಎರಡು ಚಿತ್ರಗಳೂ ಲಕ್ಷಾಂತರ ಮನೆ ತಲುಪಿ ಆಗಿದ್ದವು. ದೇಶದ ಪೂರ್ವದ ಅಂಚಿನ ಸ್ಟುಡಿಯೊದಲ್ಲಿ, ಪುಸ್ತಕ ಓದಿ, ಜೀನು ಬಂದೂಕು ಬಟ್ಟೆಬರೆ ಕೂಡಿಸಿಟ್ಟುಕೊಂಡು, ಅಮೆರಿಕದ ಪಶ್ಚಿಮವನ್ನು ಕಟ್ಟಿದರು. ಪೈಲ್ ಹೇಳಿಕೊಟ್ಟದ್ದು ಇದೇ ತಾನೇ? ಚಿತ್ರದೊಳಕ್ಕೆ ಹೋಗಿ ಬದುಕು ಎಂದು!

ಹೋಗಿ ಬಂದ ಮೇಲೆ ಚಿತ್ರಗಳಲ್ಲಿ ಬೆಳಕು ಬೇರೆಯಾಗುತ್ತದೆ. ನೆರಳಿನಲ್ಲಿ ನೀಲಿ, ನೇರಳೆ ಬಂದು ಸೇರುತ್ತವೆ. ಬಣ್ಣವನ್ನು ನುಣುಪಾಗಿ ತೀಡದೆ ಬಿಡಿಬಿಡಿಯಾಗಿ ಪಕ್ಕಪಕ್ಕ ಇಡುವ ಧೈರ್ಯ ಕಾಣುತ್ತದೆ. ಹತ್ತಿರದಿಂದ ಬರೀ ಬಣ್ಣದ ತುಂಡುಗಳು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಿಸಿಲಿಗೆ ಕಾದ ಬಂಡೆ. ವಾರಪತ್ರಿಕೆಗೆ ಇಷ್ಟು ಬೇಕಿರಲಿಲ್ಲ. ಬೇಕಿಲ್ಲದಿದ್ದರೂ ಕೊಟ್ಟರು. ಇದನ್ನು ನೆನೆದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಈ ಚಿತ್ರಗಳ ಮೇಲಿನ ಪ್ರೀತಿ ಕಣ್ಣು ಕಟ್ಟಬಾರದು. ಗಾಡಿಸಾಲು ಹೊರಟ ಬಯಲು ಖಾಲಿ ಇರಲಿಲ್ಲ. ಪಾವ್ನೀ, ಲಕೋಟಾ, ಶಾಯೆನ್, ಶೋಶೋನಿ, ಕ್ರೋ ಜನ ತಲೆಮಾರುಗಳಿಂದ ಬದುಕಿದ್ದ ನೆಲ ಅದು. ಮೋಲಿಯ ತಲೆಯ ಹಿಂದಿನ ಪ್ರಭಾವಳಿ ವಲಸೆ ಬಂದವರ ದಾರಿಗೆ ಪಾವಿತ್ರ್ಯ ಕೊಡುತ್ತದೆ, ಆ ದಾರಿಯಿಂದ ನೆಲ ಕಳೆದುಕೊಂಡವರು ಚೌಕಟ್ಟಿನ ಹೊರಗೆ ಉಳಿಯುತ್ತಾರೆ. ಇಪ್ಪತ್ತು ಲಕ್ಷ ಮನೆಗಳಿಗೆ ವಾರವಾರ ಹೋದ ಚಿತ್ರಕ್ಕೆ ಒಂದು ದೇಶ ತನ್ನನ್ನು ತಾನು ನೆನಪಿಟ್ಟುಕೊಳ್ಳುವ ರೀತಿಯನ್ನೇ ತಿದ್ದುವ ಬಲವಿರುತ್ತದೆ. ಆ ಬಲ ಎಷ್ಟು ದೊಡ್ಡದೋ ಅದರ ಹೊಣೆಯೂ ಅಷ್ಟೇ ದೊಡ್ಡದು. ಮಡೋನಾಳನ್ನು ನೋಡುವಾಗ ಈ ಎರಡನ್ನೂ ಒಟ್ಟಿಗೆ ನೋಡಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಕೋರ್ನರ್ ಚಿತ್ರ ಬರೆದುಕೊಟ್ಟ ಲೇಖಕರಲ್ಲಿ ನನಗೆ ಬಹಳ ಹತ್ತಿರದವರು ಯೂಜೀನ್ ಮ್ಯಾನ್‌ಲವ್ ರೋಡ್ಸ್. ಇವರು ನ್ಯೂ ಮೆಕ್ಸಿಕೊದಲ್ಲಿ ನಿಜವಾಗಿಯೂ ದನ ಕಾಯ್ದು, ಕುದುರೆ ಪಳಗಿಸಿ ಬದುಕಿದವರು. 1926ರಲ್ಲಿ 'ಪೋಸ್ಟ್' ಪ್ರಕಟಿಸಿದ ಅವರ 'ಪಾಸೋ ಪೋರ್ ಆಕಿ' ಕಥೆಯಲ್ಲಿ ಮತ್ತೊಬ್ಬ ಓಡುವವನಿದ್ದಾನೆ! ಹಣ ದೋಚಿ, ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಮರುಭೂಮಿಯಲ್ಲಿ ಓಡುತ್ತಿರುವವನು. ದಾರಿಯಲ್ಲಿ ಒಂದು ಒಂಟಿ ಮನೆ. ಮೆಕ್ಸಿಕನ್ ಕುಟುಂಬ, ಎಲ್ಲರಿಗೂ ಗಂಟಲಮಾರಿ, ನೀರು ಕೊಡುವವರೂ ಇಲ್ಲ. ಅವನು ಕುದುರೆಯಿಂದ ಇಳಿಯುತ್ತಾನೆ. ಆರೈಕೆ ಮಾಡುತ್ತಾನೆ. ನೆರವು ಬರಲಿ ಎಂದು, ತಾನು ಸಿಕ್ಕಿಬೀಳುವುದು ಖಂಡಿತ ಎಂದು ಗೊತ್ತಿದ್ದೂ, ರಾತ್ರಿ ಬೆಂಕಿ ಹೊತ್ತಿಸಿ ಸನ್ನೆ ಮಾಡುತ್ತಾನೆ. ಚಿತ್ರಕಾರ ಮತ್ತೆ ಕೋರ್ನರ್. ಹತ್ತು ವರ್ಷದ ಹಿಂದೆ ನಿಲ್ಲದೆ ಓಡುವವನನ್ನು ಬರೆದ ಕೈಗೆ ಓಟ ನಿಲ್ಲಿಸಿದವನ ಕಥೆ ಬಂದು ಸೇರಿತು. ಧಾರಾವಾಹಿಗಳ ಲೋಕದಲ್ಲಿ ಇಂಥ ಕೂಡಿಕೆಗಳು ಹೇಗೆ ಆಗುತ್ತವೋ! ರೋಡ್ಸ್ ಜೀವನಚರಿತ್ರೆಯನ್ನು ಬರೆದ ಡಬ್ಲ್ಯು.ಎಚ್. ಹಚಿನ್‌ಸನ್ ಅವರೇ ಕೋರ್ನರ್ ಬದುಕಿನ ಬಗ್ಗೆಯೂ ದೊಡ್ಡ ಪುಸ್ತಕ ಬರೆದರು. ಒಕ್ಲಹೋಮಾ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಅದು 1978ರಲ್ಲಿ ಬಂತು, ಕೋರ್ನರ್ ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ.

ಕೋರ್ನರ್ 1938ರ ಆಗಸ್ಟಿನಲ್ಲಿ ನ್ಯೂಜೆರ್ಸಿಯ ಇಂಟರ್‌ಲೇಕನ್‌ನ ಮನೆಯಲ್ಲಿ ತೀರಿಕೊಂಡರು. ಸಾಮಾನ್ಯವಾಗಿ ಪತ್ರಿಕೆಯ ಚಿತ್ರಕಾರರ ಕಥೆ ಇಲ್ಲಿಗೆ ಮುಗಿಯುತ್ತದೆ. ಅಚ್ಚಾದ ಮೇಲೆ ಮೂಲಚಿತ್ರಕ್ಕೆ ಬೆಲೆ ಎಲ್ಲಿಯದು? ಆ ಕಾಲದ ಎಷ್ಟೋ ಕ್ಯಾನ್ವಾಸುಗಳು ಉಗ್ರಾಣಗಳಲ್ಲಿ ಕೊಳೆತವು, ಕಸಕ್ಕೆ ಹೋದವು. ಕೋರ್ನರ್ ಚಿತ್ರಗಳು ಉಳಿದವು, ಕಾರಣ ಲಿಲಿಯನ್. 1903ರಲ್ಲಿ ಅವರನ್ನು ಮದುವೆಯಾದ ಲಿಲಿಯನ್ ಲಸ್ಕ್, ತಾವೂ ಚಿತ್ರ ಬರೆಯುತ್ತಿದ್ದವರು. ಗಂಡ ಹೋದ ಮೇಲೆ ಸ್ಟುಡಿಯೊವನ್ನು ಹೇಗಿತ್ತೋ ಹಾಗೆಯೇ ಕಾಪಾಡಿದರು. ಕ್ಯಾನ್ವಾಸುಗಳು, ಕುಂಚಗಳು, ಜೀನುಗಳು, ಬಂದೂಕುಗಳು, ಮೂಲನಿವಾಸಿಗಳ ಮಣಿಕೆಲಸದ ಉಡುಪುಗಳು, ಎಲ್ಲ. ಅವರ ಕಾಲದ ನಂತರ ಕುಟುಂಬ ಆ ಸ್ಟುಡಿಯೊ ಸಂಗ್ರಹವನ್ನು ವಯೋಮಿಂಗ್ ರಾಜ್ಯದ ಕೋಡಿ ಊರಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿತು. ಈಗ ಅದರ ಹೆಸರು ಬಫಲೋ ಬಿಲ್ ಸೆಂಟರ್ ಆಫ್ ದ ವೆಸ್ಟ್. ಹಫ್ ಸ್ಕೀ ಕಟ್ಟಿಕೊಂಡು ಕಾಡೆಮ್ಮೆ ಹುಡುಕಿದ ಯೆಲ್ಲೋಸ್ಟೋನ್ ಅಲ್ಲಿಗೆ ಒಂದೆರಡು ಗಂಟೆಯ ದಾರಿ!

'ಮಡೋನಾ ಆಫ್ ದ ಪ್ರೇರಿ' ಇರುವುದು ಆ ವಸ್ತುಸಂಗ್ರಹಾಲಯದಲ್ಲಿ. ಕೋರ್ನರ್ ಸ್ಟುಡಿಯೊವನ್ನೂ ಅಲ್ಲಿ ಮರಳಿ ಕಟ್ಟಿ ನಿಲ್ಲಿಸಿದರು. ಹೋಗಲಾಗದವರಿಗೆ ಇನ್ನೊಂದು ದಾರಿ ಇದೆ. 'ಪೋಸ್ಟ್'ನ ಹಳೆಯ ಸಂಚಿಕೆಗಳು ಈಗ ಕಂಪ್ಯೂಟರ್ ಪರದೆಯ ಮೇಲೆ ಪುಟಪುಟವಾಗಿ ಸಿಗುತ್ತವೆ, ವಸ್ತುಸಂಗ್ರಹಾಲಯದ ಚಿತ್ರಗಳೂ ಸಿಗುತ್ತವೆ. ಎರಡನ್ನೂ ಅಕ್ಕಪಕ್ಕ ತೆರೆದಿಟ್ಟುಕೊಳ್ಳಿ. ಎಡಗಡೆ ಓದುಗರಿಗೆ ತಲುಪಿದ ಚುಕ್ಕಿಚುಕ್ಕಿಯ ಪುಟ. ಬಲಗಡೆ ಮೂಲ ಕ್ಯಾನ್ವಾಸು, ಅದರ ಮೇಲೆ ಬಟ್ಟೆಯ ಪ್ರಭಾವಳಿಯಲ್ಲಿ ತುಂಬಿಕೊಂಡ ಬಿಸಿಲು. ಈ ಬಣ್ಣಗಳನ್ನು ಆ ಕಾಲದಲ್ಲಿ ನೋಡಿದವರು ಕೋರ್ನರ್ ಮನೆಯವರು, ಸಂಪಾದಕರ ಕಚೇರಿಯವರು, ಬ್ಲಾಕ್ ಮಾಡಿದವರು, ಬೆರಳೆಣಿಕೆಯ ಜನ. ಮಿಕ್ಕ ಲಕ್ಷಾಂತರ ಓದುಗರು ಚುಕ್ಕಿಗಳ ಅಚ್ಚಿನಲ್ಲಿ ನೋಡಿ, ಕಾಣದ ಬಣ್ಣವನ್ನು ತಾವೇ ತುಂಬಿಕೊಂಡು, ಮುಂದಿನ ವಾರದ ಕಂತಿಗೆ ಕಾದರು.